ಕೋಟೆಯ ಮಣ್ಣೇ ಏಕೆ ಎಂದು ಕೇಳು

ಕಲಬುರಗಿ

ಪ್ರೀತಿಯ ತಂಗಿ,

ಕಪ್ಪು ಲೋಹದ ಪಾತ್ರೆಯಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬೀದರಿನ ಬಿದರಿ ಕಲೆಯ ಬಗ್ಗೆ ನೀನು ಬರೆದು ಕಳಿಸಿದ ನುಡಿಚಿತ್ರವನ್ನು ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪಿಲ್ಲ, ಹೆಸರುಗಳೆಲ್ಲ ಸರಿಯಾಗಿವೆ; ಡೆಸ್ಕಿನಲ್ಲಿ ಕುಳಿತವರಿಗೆ ಇಷ್ಟು ಸಿಕ್ಕರೂ ಅವರು ಕೈ ಮುಗಿಯುತ್ತಾರೆ. ಆದರೂ ಇದನ್ನು ಪುರವಣಿಗೆ ಕೊಡುವ ಮೊದಲು ಇನ್ನೊಮ್ಮೆ ಬೀದರಿಗೆ ಹೋಗಿ ಬಾ ಎನ್ನಬೇಕಾಗಿದೆ. ನಿನ್ನ ಕೈಯಲ್ಲಿ ವಿಷಯವಿದೆ, ಪ್ರಶ್ನೆ ಇನ್ನೂ ಸಿಕ್ಕಿಲ್ಲ.

'ಬಿದರಿ ಕಲೆ' ಎಂಬುದು ವಿಷಯ. ಬರೀ ವಿಷಯವನ್ನು ಹಿಡಿದು ಹೊರಟವರು ಎಲ್ಲರಿಗೂ ಗೊತ್ತಿರುವುದನ್ನೇ ಸಾಲಾಗಿ ಜೋಡಿಸುತ್ತಾ ಹೋಗುತ್ತಾರೆ: ಮೊದಲು ಬಹಮನಿ ಸುಲ್ತಾನರು, ಬಳಿಕ ಭೌಗೋಳಿಕ ಸೂಚಿಕೆಯ (ಜಿಐ ಟ್ಯಾಗ್) ಮಾನ್ಯತೆ, ಆಮೇಲೆ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಬಂದ ಪದ್ಮಶ್ರೀ, ಕೊನೆಗೆ ಸರ್ಕಾರ ಇನ್ನಾದರೂ ಕಣ್ಣು ತೆರೆಯಬೇಕೆಂಬ ಒಂದು ಸಾಲು. ನಿನ್ನ ಬರಹವೂ ಇದೇ ದಾರಿ ಹಿಡಿದಿದೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇಷ್ಟನ್ನೇ ಬರೆಯುವುದಾಗಿದ್ದರೆ ನೀನು ಯಾದಗಿರಿಯಿಂದ ಬಸ್ ಹತ್ತಬೇಕಾಗಿರಲಿಲ್ಲ.

ಬರಹದ ನಡುವೆ ನೀನು ಅವಸರದಲ್ಲಿ ದಾಟಿಹೋದ ಒಂದು ವಾಕ್ಯವಿದೆ: ಪಾತ್ರೆ ಕಪ್ಪಾಗಲು ಬೀದರ್ ಕೋಟೆಯ ಮಣ್ಣನ್ನು ಬಳಸುತ್ತಾರೆ ಎಂಬುದು. ನನ್ನ ಮಟ್ಟಿಗೆ ನಿನ್ನ ನುಡಿಚಿತ್ರ ಇರುವುದು ಅಲ್ಲಿಯೇ. ಊರ ತುಂಬ ಕೆಂಪು ಮಣ್ಣಿರುವಾಗ ಕೋಟೆಯ ಮಣ್ಣೇ ಏಕೆ ಬೇಕು? ಅದರಲ್ಲಿಯೂ ಮಳೆ ಬಿಸಿಲು ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನೇ ಏಕೆ ಹುಡುಕುತ್ತಾರೆ? ಕೋಟೆ ಸಂರಕ್ಷಿತ ಸ್ಮಾರಕವಾಗಿರುವಾಗ ಅಲ್ಲಿಂದ ಮಣ್ಣು ತರುವವರು ಯಾರು, ಯಾರನ್ನು ಕೇಳಿ ತರುತ್ತಾರೆ, ಅದು ಸಿಗದೇ ಹೋದರೆ ಏನು ಮಾಡುತ್ತಾರೆ? ಈ ಪ್ರಶ್ನೆಗಳ ಬೆನ್ನು ಹತ್ತಿದರೆ ಸುಲ್ತಾನರೂ ಬರುತ್ತಾರೆ, ಪುರಾತತ್ವ ಇಲಾಖೆಯೂ ಬರುತ್ತದೆ, ಇಂದಿನ ಕುಶಲಕರ್ಮಿಯ ಕಷ್ಟವೂ ತಾನಾಗಿ ಬರುತ್ತದೆ. ಯಾವುದನ್ನೂ ನೀನು ಎಳೆದು ತರಬೇಕಾಗುವುದಿಲ್ಲ.

ಇದಕ್ಕಾಗಿ ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಕುಳಿತು ನೋಡಬೇಕು. ಚೌಬಾರದ ಆಸುಪಾಸಿನ ಅಂಗಡಿಗೆ ಹೋಗಿ, ಮಾಲೀಕರ ಎದುರು ಮೊಬೈಲಿನ ರೆಕಾರ್ಡರ್ ಇಟ್ಟು, ಅರ್ಧ ಗಂಟೆ ಮಾತನಾಡಿಸಿ ಬಂದರೆ ಹೇಳಿಕೆ ಸಿಗುತ್ತದೆ, ಕೆಲಸ ಕಾಣುವುದಿಲ್ಲ. ಸತುವು ಮತ್ತು ತಾಮ್ರವನ್ನು ಸಾಮಾನ್ಯವಾಗಿ 16:1ರ ಪ್ರಮಾಣದಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚಿನಿಂದ ತೆಗೆದ ಪಾತ್ರೆಯನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಗೀರಿದರೆ ಮಾತ್ರ ಹೂಬಳ್ಳಿಯ ಗೆರೆ ಕಣ್ಣಿಗೆ ಕಾಣುತ್ತದೆ. ಗೆರೆಯ ಗುಂಟ ಚಿಕ್ಕ ಉಳಿಯಿಂದ ಕೊರೆದು, ಆ ಸಂದಿಗೆ ಬೆಳ್ಳಿಯ ತಂತಿಯನ್ನು ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಮತ್ತೆ ಉಜ್ಜುತ್ತಾರೆ. ಆಗ ಕಪ್ಪೆಲ್ಲ ಹೋಗಿ, ಬೆಳ್ಳಿ ಯಾವುದು ಸತುವು ಯಾವುದು ಎಂದು ಹೇಳಲಾಗದಂತೆ ಪಾತ್ರೆ ಬೆಳ್ಳಗೆ ನಿಲ್ಲುತ್ತದೆ. ಇಷ್ಟು ದಿನದ ದುಡಿಮೆ ಒಂದು ಕ್ಷಣ ಕಣ್ಮರೆಯಾದಂತೆ ತೋರುವ ಆ ಹಂತವನ್ನು ನೀನು ನೋಡಿಯೇ ಇಲ್ಲವೆಂದು ಕಾಣುತ್ತದೆ. ಅದಾದ ಮೇಲೆಯೇ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಬೆರೆಸಿ ಬಿಸಿ ಪಾತ್ರೆಗೆ ಉಜ್ಜುವುದು: ಲೋಹದ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಓದುಗರು ಈ ಜಾಗಕ್ಕೆ ಬರುವ ಹೊತ್ತಿಗೆ 'ಅದ್ಭುತ', 'ಅಪರೂಪ' ಎಂಬ ಮಾತುಗಳ ಅಗತ್ಯವೇ ಇರುವುದಿಲ್ಲ.

ಹಳೆಯ ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ ಎಂದು ಹೇಳುವುದುಂಟು. ಕೇಳಲು ಸೊಗಸಾದ ಸಂಗತಿ; ಅದಕ್ಕಾಗಿಯೇ ಅನುಮಾನದಿಂದ ನೋಡಬೇಕು. ಯಾರಾದರೂ ನಿನ್ನ ಎದುರಿಗೆ ಹಾಗೆ ಮಾಡಿದರೆ ನೋಡಿದೆ ಎಂದು ಬರೆ, ಹೇಳಿದ್ದಷ್ಟೇ ಆದರೆ ಹೇಳಿದರು ಎಂದು ಬರೆ. ಆ ಬಳಿಕ ಅದೇ ಮಣ್ಣನ್ನು ಒಂದು ಪೊಟ್ಟಣದಲ್ಲಿ ಕಟ್ಟಿಕೊಂಡು ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕರ ಬಳಿ ಹೋಗು. ನಾಲಿಗೆ ಹೇಳಿದ್ದನ್ನು ಪ್ರಯೋಗಾಲಯ ಒಪ್ಪಿದರೂ ಕಥೆ, ಒಪ್ಪದಿದ್ದರೂ ಕಥೆ.

ಇನ್ನು ವಿಶೇಷಣಗಳ ಮಾತು. ನಮ್ಮ ಭಾಗದ ಬಗ್ಗೆ ಬರೆಯುವವರ ಬಳಿ ಬಿಸಿಲನಾಡು, ಶರಣರ ನಾಡು, ಸೂಫಿ ಸಂತರ ಬೀಡು, ಹಿಂದುಳಿದ ಪ್ರದೇಶ ಎಂಬ ಸಿದ್ಧ ಪದಗಳ ದಾಸ್ತಾನೇ ಇದೆ, ಬೆಂಗಳೂರಿನವರಿಗಿಂತ ನಾವೇ ಅದನ್ನು ಹೆಚ್ಚು ಖರ್ಚು ಮಾಡುತ್ತೇವೆ. ಹಿಂದುಳಿದಿದ್ದೇವೆ ಎಂದು ಬರೆಯುವ ಬದಲು, ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಇರುವ ಮೀಸಲಾತಿಯಲ್ಲಿ ಸೀಟು ಪಡೆಯಲು ಸುರಪುರದ ಹುಡುಗನೊಬ್ಬ ಯಾವ ಯಾವ ದಾಖಲೆ ಜೋಡಿಸಿಕೊಂಡು ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟ ಎಂಬುದನ್ನು ಬರೆದರೆ, ಓದುಗರು ಆ ಪದವನ್ನು ತಾವೇ ಹಾಕಿಕೊಳ್ಳುತ್ತಾರೆ, ಅಥವಾ ಬೇರೆ ಪದ ಹುಡುಕಿಕೊಳ್ಳುತ್ತಾರೆ.

ಮುಂದಿನ ಬರಹ ತೊಗರಿಯ ಬಗ್ಗೆ ಎಂದಿದ್ದೀ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದನ್ನು ಎಲ್ಲರೂ ಬರೆದಾಗಿದೆ. ನೆಟೆ ರೋಗ ಬಂದಾಗ, ದರ ಕುಸಿದಾಗ ವರದಿಗಾರರು ಹೊಲಕ್ಕೆ ಹೋಗುತ್ತಾರೆ, ಅದು ಅವರ ಕೆಲಸ. ನೀನು ಒಂದೇ ಹೊಲವನ್ನು ಹಿಡಿ. ಮುಂಗಾರಿನ ಬಿತ್ತನೆಗೆ ಹೋಗು, ಕುಡಿ ಚಿವುಟುವಾಗ ಹೋಗು, ಹೂ ಬಿಟ್ಟಾಗ ಹೋಗು, ಡಿಸೆಂಬರ್-ಜನವರಿಯ ರಾಶಿಗೆ ಹೋಗು, ಅಲ್ಲಿಂದ ಚೀಲದ ಹಿಂದೆಯೇ ದಾಲ್ ಮಿಲ್‌ವರೆಗೂ ನಡೆ. ಬರೆಯುವುದು ಆಮೇಲೆ. ಅಷ್ಟು ಕಾಯಲು ಸಂಪಾದಕರು ಒಪ್ಪುವುದಿಲ್ಲ ಎನ್ನುತ್ತೀಯಾದರೆ ಅವರಿಗೆ ಹೇಳುವ ಅಗತ್ಯವಾದರೂ ಏನಿದೆ? ದಿನದ ಸುದ್ದಿ ಕೊಡುತ್ತಾ ಇದನ್ನು ಪಕ್ಕದಲ್ಲಿ ನಡೆಸಿಕೊಂಡು ಹೋಗು.

ಬಿದರಿಗೆ ಮರಳುತ್ತೇನೆ. ಹಣದ ಬಗ್ಗೆ ನೀನು ಒಂದಕ್ಷರವೂ ಬರೆದಿಲ್ಲ, ಸಂಕೋಚಪಟ್ಟಿರಬೇಕು. ಬೆಳ್ಳಿಯ ದರ ಏರಿದಾಗ ತಂತಿಯನ್ನು ಯಾರ ದುಡ್ಡಿನಲ್ಲಿ ಕೊಳ್ಳುತ್ತಾರೆ, ಕೆಲಸಗಾರನಿಗೆ ಕೂಲಿ ದಿನದ ಲೆಕ್ಕದಲ್ಲೋ ಪಾತ್ರೆಯ ಲೆಕ್ಕದಲ್ಲೋ, ಅರದ ಪುಡಿಯಲ್ಲಿ ಉದುರುವ ಬೆಳ್ಳಿ ಯಾರಿಗೆ ಸೇರುತ್ತದೆ ಎಂಬುದನ್ನು ಮಾಲೀಕರನ್ನೂ ಕೆಲಸಗಾರರನ್ನೂ ಬೇರೆ ಬೇರೆಯಾಗಿ ಕೇಳು. ಕೇಳಿ ಬಂದ ಮೇಲೆ ಸುಲ್ತಾನರಿರುವ ಮೊದಲ ಪ್ಯಾರಾಗಳನ್ನು ತೆಗೆದು, ಮಣ್ಣಿನಿಂದ ಆರಂಭಿಸಿ ಹೊಸದಾಗಿ ಬರೆದು ಕಳಿಸು. ಸರ್ಕಾರಕ್ಕೆ ಮನವಿ ಮಾಡುವ ಕೊನೆಯ ಸಾಲನ್ನು ನಾನು ಈಗಲೇ ಹೊಡೆದು ಹಾಕಿದ್ದೇನೆ.

ಇಂತಿ,
ನಿನ್ನ ಅಣ್ಣ