ಅಮ್ಮನಿಗೆ ನಡೆಯಲು ದಾರಿಯಿದೆಯೇ? ಅಮೆರಿಕದ ರಾಲಿಗೆ ಬರುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಾರ್ತ್ ಕೆರೊಲಿನಾದ ನಮ್ಮ ರಾಲಿ ಕಡೆ ಮನೆ ಕೊಳ್ಳಲೆಂದು ನೀನು ಮಾಡಿ ಕಳಿಸಿದ ಪಟ್ಟಿ ತಲುಪಿತು. ಹನ್ನೊಂದು ಬಡಾವಣೆ, ಹದಿನಾಲ್ಕು ಕಾಲಂ. ಶಾಲೆಯ ಅಂಕ, ಕಚೇರಿಯ ದೂರ, ಚದರಡಿಯ ಬೆಲೆ, ಕೊನೆಗೆ ಎಲ್ಲ ಕೂಡಿಸಿ ಒಂದು ರ‍್ಯಾಂಕ್. ಸಿಇಟಿ ಬರೆದ ವರ್ಷವೂ ನೀನು ಕಾಲೇಜುಗಳಿಗೆ ಇಂಥದೇ ಪಟ್ಟಿ ಮಾಡಿದ್ದೆ, ಸೇರಿದ್ದು ಮಾತ್ರ ಅದರಲ್ಲಿ ಇಲ್ಲದ ಕಾಲೇಜಿಗೆ. ನನ್ನ ಅಪ್ಪ ಹಾಸನಕ್ಕೆ ವರ್ಗವಾಗಿ ಬಂದಾಗ ಬಾಡಿಗೆ ಮನೆ ಹಿಡಿಯಲು ಕೇಳಿದ್ದು ಎರಡೇ ಪ್ರಶ್ನೆ: ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮಾರುಕಟ್ಟೆಗೆ ನಡೆದು ಹೋಗಬಹುದೇ. ನೀರಿನ ಚಿಂತೆ ಇಲ್ಲಿ ನಿನಗಿಲ್ಲ. ಆದರೆ ಆ ಎರಡನೇ ಪ್ರಶ್ನೆ ನಿನ್ನ ಹದಿನಾಲ್ಕು ಕಾಲಂಗಳಲ್ಲಿ ಎಲ್ಲೂ ಇಲ್ಲ.

ಮೊದಲು ಊರಿನ ನಕ್ಷೆ ಹೇಳಿಬಿಡುತ್ತೇನೆ. ರಾಲಿಗೆ ಬಂದೆವು ಎನ್ನುವ ನಮ್ಮವರಲ್ಲಿ ಅನೇಕರು ರಾಲಿಯಲ್ಲಿ ಇರುವುದೇ ಇಲ್ಲ. ರಾಲಿ, ಡರಮ್, ಚಾಪೆಲ್ ಹಿಲ್ ಮೂರು ಮೂಲೆಗಳಾದರೆ, ನಡುವಿನ ಪೈನ್ ಕಾಡಿನಲ್ಲಿ 1959ರಲ್ಲಿ ಹುಟ್ಟಿದ್ದು ಕಂಪನಿ, ಸಂಶೋಧನಾಲಯಗಳ ರಿಸರ್ಚ್ ಟ್ರಯಾಂಗಲ್ ಪಾರ್ಕ್. ನಿನ್ನ ಕಚೇರಿ ಇರುವುದು ಅಲ್ಲಿ. ಅದರ ಮಗ್ಗುಲಲ್ಲೇ ಇರುವ ಕ್ಯಾರಿ ಮತ್ತು ಮೋರಿಸ್‌ವಿಲ್ ಊದಿಕೊಂಡವು. ಕ್ಯಾರಿಯ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ, ಉತ್ತರದಿಂದ ವಲಸೆ ಬಂದವರನ್ನು ಕೂಡಿಹಾಕುವ ಜಾಗ ಎಂದು ಇಲ್ಲಿನ ಹಳಬರು ನಗುತ್ತಾರೆ. ನ್ಯೂಜೆರ್ಸಿಯಿಂದ ಬರುವ ನಿನಗೂ ಅದು ಸಲ್ಲುತ್ತದೆ. ಮೋರಿಸ್‌ವಿಲ್ ತೀರ ಚಿಕ್ಕದು, 2020ರ ಜನಗಣತಿಯಲ್ಲಿ ಮೂವತ್ತು ಸಾವಿರಕ್ಕೂ ತುಸು ಕಡಿಮೆ. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಏಷ್ಯಾ ಮೂಲದವರು.

ಈಗ ನನ್ನ ತಪ್ಪಿನ ಕಥೆ ಕೇಳು. ನೀನು ಹಳದಿ ಬಣ್ಣ ಬಳಿದು ಮೊದಲ ಸ್ಥಾನ ಕೊಟ್ಟಿದ್ದೀಯಲ್ಲ, ದಕ್ಷಿಣದ ತುದಿಯ ದೊಡ್ಡ ನಿವೇಶನದ ಮನೆಗಳು, ಅಂಥದೇ ಒಂದನ್ನು ನಾವು ಕೊಂಡಿದ್ದೆವು. ಫ್ಯೂಕ್ವೇ-ವರೀನಾ ಎಂಬ ಊರಿನಿಂದಲೂ ಆಚೆ, ಅರ್ಧ ಎಕರೆ, ಹಿಂದೆ ಕಾಡು. ಬೆಲೆ ಕಡಿಮೆ, ಮನೆ ದೊಡ್ಡದು. ಅಮ್ಮ ಆರು ತಿಂಗಳಿಗೆಂದು ಬಂದರು. ಹಿತ್ತಿಲಿನ ಕೆಂಪು ಮಣ್ಣು ನೋಡಿ ಖುಷಿಯಾಗಿ ಬಸಳೆ ಹಾಕಿದರು, ಮೆಂತ್ಯ ಚೆಲ್ಲಿದರು. ಹದಿನೈದು ದಿನದಲ್ಲಿ ಜಿಂಕೆಗಳು ಬಂದು ಎಲ್ಲವನ್ನೂ ಮೇಯ್ದು ಹೋದವು. ಅದನ್ನು ಅವರು ನಕ್ಕು ಮರೆತರು. ಮರೆಯಲಾಗದ್ದು ಹಗಲು. ಎಂಟು ಗಂಟೆಗೆ ನಾವೆಲ್ಲ ಹೊರಟರೆ ಸಂಜೆ ಆರರವರೆಗೆ ಅವರು ಒಬ್ಬರೇ. ಬಡಾವಣೆಯ ಒಳರಸ್ತೆ ಮುಗಿದ ಕೂಡಲೇ ಕಾಲುದಾರಿಯೂ ಮುಗಿಯುತ್ತಿತ್ತು, ಮುಂದೆ ಭರ್ರೆನ್ನುವ ಕಾರುಗಳ ಹೆದ್ದಾರಿ. ಒಂದು ದಿನ ಸೀರೆಯುಟ್ಟು, ಶಾಲು ಹೊದ್ದು ಆ ಅಂಚಿನಲ್ಲೇ ಸ್ವಲ್ಪ ದೂರ ಹೋದರಂತೆ. ಯಾರೋ ಹೆಂಗಸು ಕಾರು ನಿಲ್ಲಿಸಿ, ದಾರಿ ತಪ್ಪಿದ್ದೀರಾ, ಮನೆಗೆ ಬಿಡಲೇ ಎಂದು ಕೇಳಿದ್ದಾಳೆ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ಅಂದಿನಿಂದ ಅಮ್ಮ ಗೇಟಿಲ್ಲದ ಆ ಮನೆಯ ಅಂಗಳ ದಾಟಲಿಲ್ಲ. ನಾಲ್ಕನೇ ತಿಂಗಳಿಗೆ ಟಿಕೆಟ್ ಬದಲಿಸಿಕೊಂಡು ಹೊರಟರು. ಗೌರಿ ಹಬ್ಬಕ್ಕೆ ಮನೆಯಲ್ಲಿರಬೇಕು ಎಂಬುದು ನೆಪ.

ಆ ಮನೆ ಮಾರಿ ಮೋರಿಸ್‌ವಿಲ್‌ನಲ್ಲಿ ಒಂದು ಟೌನ್‌ಹೌಸ್ ಕೊಂಡೆವು. ಮೊದಲಿನದರ ಅರ್ಧದಷ್ಟು ಜಾಗ, ಪಕ್ಕದ ಮನೆಯ ಒಗ್ಗರಣೆ ನಮ್ಮ ಮನೆಗೆ ಕೇಳಿಸುತ್ತದೆ, ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ತಲೆಯ ಮೇಲೆ ವಿಮಾನಗಳ ಸದ್ದು. ಅಮ್ಮ ಮತ್ತೆ ಬಂದರು. ಎರಡನೇ ದಿನವೇ ಬಡಾವಣೆಯ ಕೆರೆಯ ಸುತ್ತ ನಡೆಯುವ ಹೆಂಗಸರ ಗುಂಪು ಅವರನ್ನು ಸೇರಿಸಿಕೊಂಡಿತು. ಮಂಡ್ಯದವರು ಒಬ್ಬರು, ಗುಂಟೂರಿನವರು ಇಬ್ಬರು, ಪುಣೆಯವರು ಒಬ್ಬರು. ಯಾರಿಗೂ ಸರಿಯಾಗಿ ಬಾರದ ಹಿಂದಿಯಲ್ಲಿ ಮೊಣಕಾಲು ನೋವಿನಿಂದ ಸೊಸೆಯವರೆಗೆ ಎಲ್ಲವೂ ಚರ್ಚೆಯಾಗುತ್ತದೆ. ಊರಿನ ಆಡಳಿತವೇ 2021ರಿಂದ ಉಚಿತವಾದ ಪುಟ್ಟ ಬಸ್ಸೊಂದನ್ನು ಓಡಿಸುತ್ತಿದೆ. ಮೊಬೈಲಿನಲ್ಲಿ ಕರೆದರೆ ಗೊತ್ತಾದ ನಿಲ್ದಾಣಕ್ಕೆ ಬರುತ್ತದೆ. ಅದನ್ನು ಕರೆಯಲು ಅಮ್ಮ ನನ್ನ ಮಗಳಿಂದ ಕಲಿತರು. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನವೂ ಮನೆಯಿಂದ ದೂರವಿಲ್ಲ, 87 ಅಡಿಯ ರಾಜಗೋಪುರ 2022ರಲ್ಲಿ ಎದ್ದು ನಿಂತಿದೆ. ಅಮ್ಮ ಎರಡನೇ ಸಲ ಬಂದ ವರ್ಷ ಗೌರಿ ಹಬ್ಬ ಇಲ್ಲೇ ಆಯಿತು, ಬಾಗಿನ ಗುಂಟೂರಿನವರಿಗೂ ಹೋಯಿತು.

ನಿನ್ನ ಅಮ್ಮನೂ ಬರುತ್ತಾರೆ ಎಂದು ಬರೆದಿದ್ದೀಯ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ಶಾಲೆಯ ವಿಷಯದಲ್ಲಿ ನಿನ್ನ ಅಂಕಗಳನ್ನು ಪೂರ್ತಿ ನಂಬಬೇಡ. ರಾಲಿ, ಕ್ಯಾರಿ, ಮೋರಿಸ್‌ವಿಲ್ ಸೇರಿರುವ ವೇಕ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಿದ್ದಂತೆ) ಮನೆಯ ವಿಳಾಸಕ್ಕೊಂದು ಶಾಲೆ ಗೊತ್ತಾಗಿರುತ್ತದೆ ನಿಜ. ಆದರೆ ತುಂಬಿದ ಶಾಲೆಗಳಿಗೆ ಮಿತಿ ಹಾಕಿ, ಹೊಸದಾಗಿ ಬಂದವರ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುವುದುಂಟು. ಮನೆಯೆದುರಿನ ಶಾಲೆಯೇ ಸಿಗುತ್ತದೆ ಎಂದು ದಲ್ಲಾಳಿ ಹೇಳಿದರೆ, ಆ ವಿಳಾಸ ಹಾಕಿ ಕೌಂಟಿಯ ಜಾಲತಾಣದಲ್ಲಿ ನೀನೇ ನೋಡು. ಇನ್ನೊಂದು: ಕೆಲವು ಶಾಲೆಗಳು ವರ್ಷಪೂರ್ತಿ ನಡೆಯುತ್ತವೆ, 45 ಶಾಲಾ ದಿನ ಪಾಠ, 15 ಶಾಲಾ ದಿನ, ಅಂದರೆ ಮೂರು ವಾರ, ರಜೆ. ಮಕ್ಕಳನ್ನು ಬೇಸಿಗೆಯಲ್ಲಿ ಎರಡು ತಿಂಗಳು ಅಜ್ಜಿ ಮನೆಗೆ ಕಳಿಸುವ ನಿನ್ನ ಲೆಕ್ಕಾಚಾರ ಆ ಶಾಲೆಗಳಲ್ಲಿ ನಡೆಯುವುದಿಲ್ಲ. ಹೇಮಾವತಿಯ ಹಿನ್ನೀರು ತೋರಿಸಲು ಮೂರೇ ವಾರ.

ಏಪೆಕ್ಸ್ ಮತ್ತು ಹಾಲಿ ಸ್ಪ್ರಿಂಗ್ಸ್ ಊರುಗಳೂ ಚೆನ್ನಾಗಿವೆ, ಹಳೆಯ ಪೇಟೆಬೀದಿಗಳಿವೆ. ಹತ್ತಿರದಲ್ಲೇ ಶಿಯರನ್ ಹ್ಯಾರಿಸ್ ಅಣು ವಿದ್ಯುತ್ ಸ್ಥಾವರವಿದೆ ಎಂದು ನಿನ್ನ ಹೆಂಡತಿಗೆ ಮೊದಲೇ ಹೇಳಿಬಿಡು, ಅವರು ಕೈಗಾ ಕಡೆಯವರು, ಹೆದರಲಾರರು. ಚಾಪೆಲ್ ಹಿಲ್‌ನಲ್ಲಿ ಬಸ್ ಉಚಿತ, ಮರಗಳು ಸೊಗಸು, ತೆರಿಗೆ ಜಾಸ್ತಿ. ಡರಮ್ ನನಗೆ ತುಂಬ ಇಷ್ಟ. ತಂಬಾಕಿನ ಹಳೆಯ ಇಟ್ಟಿಗೆ ಗೋದಾಮುಗಳು ಕಚೇರಿ, ಹೋಟೆಲುಗಳಾಗಿವೆ. ಮದುವೆಯಾಗದೆ ಬಂದಿದ್ದರೆ ನಿನ್ನನ್ನು ಅಲ್ಲಿಗೇ ಕಳಿಸುತ್ತಿದ್ದೆ.

ಹಣದ ಒಂದು ಮಾತು. ಈ ರಾಜ್ಯದಲ್ಲಿ ಮನೆಗೆ ಬೆಲೆ ಕೂಗುವಾಗ ‘ಡ್ಯೂ ಡಿಲಿಜೆನ್ಸ್’ ಎಂಬ ಮೊತ್ತವನ್ನು ನೇರವಾಗಿ ಮಾರುವವರ ಕೈಗೆ ಕೊಡುವ ರೂಢಿಯಿದೆ. ಮುಂಗಡದಂತಲ್ಲ ಇದು. ಆಮೇಲೆ ನೀನು ಮನಸ್ಸು ಬದಲಿಸಿದರೆ ವಾಪಸು ಬರುವುದಿಲ್ಲ. ಪೈಪೋಟಿ ಜೋರಾಗಿದ್ದಾಗ ಹತ್ತಾರು ಸಾವಿರ ಡಾಲರ್ ಹೀಗೆ ಕೊಟ್ಟವರಿದ್ದಾರೆ. ನ್ಯೂಜೆರ್ಸಿಯ ಲೆಕ್ಕ ಇಲ್ಲಿ ಹಿಡಿಯಬೇಡ. ಅದಕ್ಕೇ ನನ್ನ ಸಲಹೆ: ಒಂದು ವರ್ಷ ಮೋರಿಸ್‌ವಿಲ್ ಅಥವಾ ಪಶ್ಚಿಮ ಕ್ಯಾರಿಯಲ್ಲಿ ಬಾಡಿಗೆಗೆ ಇರು. ಬಾಡಿಗೆ ದಂಡ ಎಂದು ನೀನು ವಾದಿಸುತ್ತೀಯ, ಗೊತ್ತು. ನಾನು ಕೊಂಡು, ಮಾರಿ, ಮತ್ತೆ ಕೊಂಡು ಕಟ್ಟಿದ ದಂಡ ಎಷ್ಟೆಂದು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಮನೆ ನೋಡಲು ಶನಿವಾರ ಬರಬೇಡ, ಶನಿವಾರ ಎಲ್ಲ ರಸ್ತೆಗಳೂ ಸಾಧುಗಳಾಗಿರುತ್ತವೆ. ಮಂಗಳವಾರ ಸಂಜೆ ಐದೂವರೆಗೆ ನಿನ್ನ ಕಚೇರಿಯ ಬಾಗಿಲಿನಿಂದ ಹೊರಟು ಆ ಹನ್ನೊಂದರಲ್ಲಿ ಮೂರಕ್ಕೆ ಹೋಗೋಣ, ಕಾರು ನಾನೇ ಓಡಿಸುತ್ತೇನೆ. ಮಾರ್ಚ್ ಕೊನೆಗೆ ಬಂದರೆ ಪೈನ್ ಮರಗಳ ಪರಾಗ ಕಾರಿನ ಮೇಲೆಲ್ಲ ಅರಿಸಿನ ಚೆಲ್ಲಿದಂತೆ ಕೂತಿರುತ್ತದೆ, ಸೀನುವುದಕ್ಕೆ ಸಿದ್ಧನಾಗಿ ಬಾ. ಆ ಪಟ್ಟಿಯನ್ನೂ ಅಳಿಸಬೇಡ. ನನ್ನ ಹೆಂಡತಿ ಅದನ್ನು ಒಮ್ಮೆ ನೋಡಬೇಕಂತೆ.

ನಿನ್ನ ಗೆಳೆಯ