ಪಿಯಾನೋ ಮುಂದೆ ಕೂತ ಮಗಳು

ಪ್ರೀತಿಯ ಗೆಳೆಯಾ,

‘ದಿ ಜಾಯ್ ಲಕ್ ಕ್ಲಬ್’ ಅರ್ಧಕ್ಕೇ ಬಿಟ್ಟೆ ಅಂತ ಬರೆದಿದ್ದೀಯ. ಆ ಅಮ್ಮಂದಿರ ಕಾಟ ತಡೆಯೋಕಾಗಲ್ಲ ಅನ್ನುವ ನಿನ್ನ ಮಾತು ಸುಳ್ಳಲ್ಲ. ಆದರೂ ದಯವಿಟ್ಟು ಮುಂದೆ ಓದು. ನೀನು ಬಿಟ್ಟಿರುವುದು ಹೆಣ್ಣುಮಕ್ಕಳು ಮಾತಾಡುವ ಭಾಗದಲ್ಲಿ.

ಏಮಿ ಟಾನ್ 1989ರಲ್ಲಿ ಬರೆದ ಈ ಕಾದಂಬರಿಯಲ್ಲಿ ಚೀನಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ನಾಲ್ವರು ತಾಯಂದಿರು, ಅಮೆರಿಕದಲ್ಲೇ ಬೆಳೆದ ಅವರ ನಾಲ್ವರು ಹೆಣ್ಣುಮಕ್ಕಳು. ಮೊದಲ ಮತ್ತು ಕೊನೆಯ ಭಾಗ ಹೆಚ್ಚಾಗಿ ತಾಯಂದಿರದು, ನಡುವಿನ ಎರಡು ಭಾಗ ಹೆಣ್ಣುಮಕ್ಕಳದು. ಅಂದರೆ ಅಮ್ಮ ಏನನ್ನು ದಾಟಿ ಬಂದಳು ಅನ್ನುವುದು ನಮಗೆ ಮೊದಲೇ ಗೊತ್ತಿರುತ್ತದೆ. ಮಗಳಿಗೆ ಗೊತ್ತಿರುವುದಿಲ್ಲ. ನನಗೆ ಓದುವಾಗ ಸಂಕಟವಾಗಿದ್ದು ಇಲ್ಲೇ.

ಆ ತಾಯಂದಿರಲ್ಲಿ ಒಬ್ಬಳಾದ ಲಿಂಡೋಳನ್ನೇ ನೋಡು. ಎರಡು ವರ್ಷದವಳಿದ್ದಾಗಲೇ ಸಂಬಂಧ ಗಟ್ಟಿ ಮಾಡಿದರು. ಮದುವೆಯ ರಾತ್ರಿ ಎರಡು ತುದಿಗೂ ಹಚ್ಚಿದ ಕೆಂಪು ಮೇಣದಬತ್ತಿ ಬೆಳಗಿನವರೆಗೆ ಆರದೆ ಉರಿದರೆ ಮದುವೆ ಮುರಿಯುವುದಿಲ್ಲ ಅಂತ ನಂಬಿಕೆ. ಇವಳು ಗಂಡನ ಕಡೆಯ ದೀಪವನ್ನು ಊದಿ ಆರಿಸಿದಳು! ಆಮೇಲೆ ಹಿರಿಯರು ಕನಸಲ್ಲಿ ಬಂದರು ಅಂತ ಕತೆ ಕಟ್ಟಿ, ಯಾರ ಮಾನವೂ ಹೋಗದ ಹಾಗೆ ಆ ಮನೆಯಿಂದ ಹೊರಬಂದಳು. ಬಾಯಿ ಬಿಡದೆ ಗೆಲ್ಲುವ ಆ ಜಾಣತನವನ್ನೇ ಮಗಳು ವೇವರ್ಲಿಗೆ ಕಲಿಸಿದಳು. ವೇವರ್ಲಿ ಚೆಸ್ ಚಾಂಪಿಯನ್ ಆದಳು. ಅಮ್ಮ ಮಾರ್ಕೆಟ್‌ನಲ್ಲಿ ಸಿಕ್ಕವರಿಗೆಲ್ಲ ‘ಇವಳು ನನ್ನ ಮಗಳು’ ಅಂತ ತೋರಿಸಿಕೊಂಡು ತಿರುಗಿದಳು. ಮೆರೆಯಬೇಕಿದ್ದರೆ ನೀನೇ ಚೆಸ್ ಕಲಿ ಅಂತ ಹುಡುಗಿ ಸಿಡುಕಿದಳು. ತಪ್ಪೇನಿದೆ? ಗೆದ್ದವಳು ಅವಳು ತಾನೇ? ಆದರೆ ತನ್ನದು ಅನ್ನುವುದು ಏನೂ ಇಲ್ಲದೆ ಬೆಳೆದ ಲಿಂಡೋಗೆ ಆ ಮಗಳು ಎಷ್ಟು ದೊಡ್ಡ ಆಸ್ತಿ ಅನ್ನುವುದು ನಮಗೆ ಗೊತ್ತು.

ಎಲ್ಲಕ್ಕಿಂತ ಜಾಸ್ತಿ ನೋಯಿಸಿದ್ದು ಇನ್ನೊಬ್ಬ ಮಗಳು ಜಿಂಗ್-ಮೇ ಕತೆ. ಪಿಯಾನೋ ಪಾಠಕ್ಕಾಗಿ ಅಮ್ಮ ಮೇಷ್ಟರ ಮನೆ ಗುಡಿಸಿ ಒರೆಸುತ್ತಾಳೆ. ಮೇಷ್ಟರಿಗೆ ಕಿವಿ ಕೇಳಿಸುವುದಿಲ್ಲ, ಹುಡುಗಿ ಅದನ್ನು ಕಂಡುಕೊಂಡು ತಪ್ಪು ತಪ್ಪಾಗಿ ನುಡಿಸುತ್ತಾಳೆ. ಎಲ್ಲರೆದುರು ನುಡಿಸುವ ದಿನ ಮಾನ ಹೋಗುತ್ತದೆ. ಆಮೇಲೂ ಅಮ್ಮ ಎಳೆದು ತಂದು ಪಿಯಾನೋ ಮುಂದೆ ಕೂರಿಸಿದಾಗ, ‘ಅವರ ಹಾಗೆ ನಾನೂ ಸತ್ತಿದ್ದರೆ ಚೆನ್ನಾಗಿತ್ತು’ ಅಂದುಬಿಡುತ್ತಾಳೆ. ಅವರು ಅಂದರೆ ಜಪಾನಿ ಸೈನ್ಯಕ್ಕೆ ಹೆದರಿ ಓಡುವಾಗ ಅಮ್ಮ ರಸ್ತೆ ಬದಿಯಲ್ಲಿ ಬಿಟ್ಟುಬಂದ ಅವಳಿ ಕೂಸುಗಳು. ಆ ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಅಮ್ಮ ತುಟಿ ಬಿಚ್ಚದೆ ಹೊರಗೆ ಹೋಗುತ್ತಾಳೆ.

ಇದನ್ನೆಲ್ಲ ಬರೆದದ್ದು ಅಮ್ಮನನ್ನು ಕ್ಷಮಿಸು ಅಂತ ಅಲ್ಲ. ಏಮಿ ಟಾನ್ ಕೂಡ ಹಾಗೆ ಕೇಳುವುದಿಲ್ಲ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಳು ಅಂತ ಉಳಿದ ಮಗಳನ್ನು ಹಿಂಡಬಹುದಾ? ಜಿಂಗ್-ಮೇಯ ಪಿಯಾನೋ ಪಾಠ ಅಲ್ಲಿಗೇ ನಿಂತಿತು. ಅವಳು ಸೋತಳು ಅಂತ ನನಗೆ ಅನಿಸಲೇ ಇಲ್ಲ. ಇತ್ತೀಚೆಗೆ ಇಂಥ ಕತೆಗಳಲ್ಲಿ ಅಮ್ಮನ ಹಳೆಯ ಕಷ್ಟ ಒಂದು ಪುಟದಲ್ಲಿ ಬಂದು, ಮುಂದಿನ ಪುಟದಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತುಬಿಡುತ್ತಾರೆ. ಅದು ನನಗೆ ಸೇರುವುದಿಲ್ಲ. ಅಷ್ಟು ಸುಲಭಕ್ಕೆ ಮುಗಿಯುವ ಜಗಳ ಅಲ್ವಲ್ಲ ಅದು.

ಇದು ಮುಗಿದ ಮೇಲೆ ಮ್ಯಾಕ್ಸಿನ್ ಹಾಂಗ್ ಕಿಂಗ್‌ಸ್ಟನ್ 1976ರಲ್ಲಿ ಬರೆದ ‘ದಿ ವುಮನ್ ವಾರಿಯರ್’ ಕಳಿಸುತ್ತೇನೆ. ಅಲ್ಲಿ ಅಮ್ಮ, ಯಾವ ಭಾಷೆಯಾದರೂ ಸಲೀಸಾಗಿ ಆಡಲಿ ಅಂತ ನಿನ್ನ ನಾಲಗೆಯ ಕೆಳಗೆ ಕತ್ತರಿಸಿದೆ ಅನ್ನುತ್ತಾಳೆ. ಮಗಳು ಸ್ಕೂಲಿನಲ್ಲಿ ಮಾತೇ ಆಡುವುದಿಲ್ಲ. ಓದಿ, ನಿನಗೆ ಆ ಅಮ್ಮನ ಬಗ್ಗೆ ಏನನಿಸಿತು ಅಂತ ಬರಿ.

ನಿನ್ನ
ಗೆಳತಿ