ಪೆಟ್ಟಿಗೆಯಲ್ಲಿ ಬಂದ ಕಾದಂಬರಿ: ಬರೆಯಹೊರಟ ಮಗನಿಗೆ ದೊಡ್ಡಪ್ಪನ ಪತ್ರ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಒಂದು ಅಧ್ಯಾಯ ಕೊನೆಯಿಂದ ಮೊದಲಿಗೆ ನಡೆಯುತ್ತದೆ, ಇನ್ನೊಂದರಲ್ಲಿ ವಿರಾಮಚಿಹ್ನೆಗಳೇ ಇಲ್ಲ, ಮತ್ತೊಂದರಲ್ಲಿ ಅರ್ಧ ಪುಟ ಖಾಲಿ ಬಿಟ್ಟಿದ್ದೀಯೆ. ಹೀಗೇಕೆ ಎಂದು ನಾನು ಕೇಳಿದ್ದಕ್ಕೆ, ಎಲ್ಲರಂತೆ ಬರೆಯಲು ಮನಸ್ಸಿಲ್ಲ ಎಂದು ಉತ್ತರಿಸಿದೆ. ಆ ಉತ್ತರ ನನಗೆ ಸಾಲದು. ಏಕೆ ಸಾಲದೆಂಬುದನ್ನು ತಿಳಿಸಲು, ನಮ್ಮಲ್ಲಿ ಹೆಚ್ಚು ಜನ ಓದದ ಬಿ. ಎಸ್. ಜಾನ್ಸನ್ ಎಂಬ ಇಂಗ್ಲಿಷ್ ಕಾದಂಬರಿಕಾರನ ವಿಷಯವನ್ನು ಬರೆಯುತ್ತಿದ್ದೇನೆ.

ಅವನು 1933ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ದುಡಿಯುವ ವರ್ಗದ ಮನೆಯಲ್ಲಿ ಹುಟ್ಟಿದವನು. ಯುದ್ಧಕಾಲದಲ್ಲಿ ಲಂಡನ್ನಿನ ಮಕ್ಕಳನ್ನು ಊರ ಹೊರಗೆ ಸಾಗಿಸಿದಾಗ ಅವನೂ ಹೆತ್ತವರಿಂದ ದೂರವಾಗಿ ಬೆಳೆದ. ಹದಿನಾರಕ್ಕೆ ಶಾಲೆ ಬಿಟ್ಟು ಲೆಕ್ಕಪತ್ರದ ಗುಮಾಸ್ತನಾದ. ಸಂಜೆ ಹೊತ್ತು ಲ್ಯಾಟಿನ್ ಕಲಿತು, ತಡವಾಗಿ ಕಿಂಗ್ಸ್ ಕಾಲೇಜು ಸೇರಿದ. ಬದಲಿ ಶಿಕ್ಷಕನಾಗಿ ದುಡಿದ, ಪತ್ರಿಕೆಗೆ ಫುಟ್‌ಬಾಲ್ ವರದಿ ಬರೆದ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ: ಗುಮಾಸ್ತಿಕೆ, ಶಿಕ್ಷಕ ವೃತ್ತಿ, ಪಂದ್ಯದ ವರದಿ, ಇವುಗಳಲ್ಲಿ ಒಂದನ್ನೂ ಅವನು ವ್ಯರ್ಥ ಮಾಡಲಿಲ್ಲ, ಅವನ ಏಳು ಕಾದಂಬರಿಗಳಲ್ಲಿ ಎಲ್ಲವೂ ಬಂದಿವೆ.

ಕಥೆ ಕಟ್ಟುವುದೆಂದರೆ ಸುಳ್ಳು ಹೇಳುವುದು ಎಂಬುದು ಅವನ ಹಟ. 1964ರ 'ಆಲ್ಬರ್ಟ್ ಏಂಜೆಲೋ' ಕಾದಂಬರಿಯಲ್ಲಿ, ವಾಸ್ತುಶಿಲ್ಪಿಯಾಗಬಯಸುವ ಬದಲಿ ಶಿಕ್ಷಕನೊಬ್ಬನ ಕಥೆಯನ್ನು ಬಹುದೂರ ನಡೆಸಿ, ಕೊನೆಗೆ ಬಂದಾಗ ಲೇಖಕನೇ ತೆರೆ ಹರಿದುಕೊಂಡು ಮುಂದೆ ಬಂದು, ಈ ಸುಳ್ಳು ಇನ್ನು ಸಾಕೆಂದು ಬೈದುಕೊಳ್ಳುತ್ತಾನೆ. ಅದೇ ಪುಸ್ತಕದ ಹಾಳೆಗಳಲ್ಲಿ ಒಂದು ತೂತು ಕೊರೆಸಿದ್ದಾನೆ. ಅದರ ಮೂಲಕ ಮುಂದಿನ ಪುಟದ ಚೂರಿ ಇರಿತದ ಸಾಲುಗಳು ಮೊದಲೇ ಕಾಣುತ್ತವೆ. ನಾಯಕನಿಗೇ ಸಾವು ಕಾದಿದೆಯೆಂದು ಓದುಗ ಹೆದರಿ ಪುಟ ತಿರುಗಿಸಿದರೆ, ಅದು 1593ರಲ್ಲಿ ಸತ್ತ ನಾಟಕಕಾರ ಮಾರ್ಲೋನ ಸಂಗತಿ! ಇದರಲ್ಲಿ ತುಸು ತುಂಟತನವಿದೆಯೆಂದು ಒಪ್ಪುತ್ತೇನೆ. ಆದರೂ ಆ ತೂತಿಗೊಂದು ಕೆಲಸವಿದೆ.

ಖಾಲಿ ಪುಟಕ್ಕೂ ಅವನಲ್ಲಿ ಕೆಲಸವಿತ್ತು. 1971ರ 'ಹೌಸ್ ಮದರ್ ನಾರ್ಮಲ್' ವೃದ್ಧಾಶ್ರಮವೊಂದರ ಒಂದೇ ಸಂಜೆಯನ್ನು ಎಂಟು ಮಂದಿ ವೃದ್ಧರ ಮನಸ್ಸಿನೊಳಗಿಂದ, ಒಬ್ಬರಾದ ಮೇಲೆ ಒಬ್ಬರಂತೆ ಹೇಳುತ್ತದೆ. ಪ್ರತಿಯೊಬ್ಬರಿಗೂ 21 ಪುಟ. ಒಬ್ಬರ ಐದನೆಯ ಪುಟದ ಹತ್ತನೆಯ ಸಾಲು ಯಾವ ಕ್ಷಣವೋ, ಉಳಿದವರ ಐದನೆಯ ಪುಟದ ಹತ್ತನೆಯ ಸಾಲೂ ಅದೇ ಕ್ಷಣ. ಮರೆವು ಹೆಚ್ಚಿದಂತೆ ಪುಟದಲ್ಲಿ ಬಿಳುಪು ಹೆಚ್ಚುತ್ತದೆ. ಅತ್ಯಂತ ಜರ್ಜರಿತ ಜೀವದ ಸರದಿ ಬರುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಪದ ಉಳಿದಿರುತ್ತದೆ, ಅಷ್ಟೆ. ಆ ಬಿಳಿ ಜಾಗವನ್ನು ನೋಡಿ ನಾನು ಪುಸ್ತಕ ಮುಚ್ಚಿಟ್ಟು ಕೆಲಹೊತ್ತು ಸುಮ್ಮನೆ ಕುಳಿತಿದ್ದೆ. ನಿನ್ನ ಅರ್ಧ ಪುಟದ ಮುಂದೆ ಹಾಗೆ ಕೂರಲಾಗಲಿಲ್ಲ. ಅಲ್ಲಿ ಯಾರ ಮಾತು ನಿಂತಿತೆಂಬುದು ನನಗೆ ಗೊತ್ತಾಗಲಿಲ್ಲ. ಬರೆದ ನಿನಗೆ ಗೊತ್ತಿದೆಯೇ?

ಈ ಪತ್ರದೊಂದಿಗೆ ಅವನ 'ದಿ ಅನ್‌ಫಾರ್ಚುನೇಟ್ಸ್' ಕಳುಹಿಸುತ್ತಿದ್ದೇನೆ. 1969ರ ಈ ಕಾದಂಬರಿಗೆ ಬೈಂಡಿಂಗ್ ಇಲ್ಲ; ಪೆಟ್ಟಿಗೆಯೊಂದರಲ್ಲಿ 27 ಬಿಡಿ ಭಾಗಗಳಿವೆ. ಮೊದಲನೆಯದು ಮತ್ತು ಕೊನೆಯದು ಯಾವುವೆಂದು ಗುರುತಿಸಿದ್ದಾನೆ, ನಡುವಿನ 25ನ್ನು ಹೇಗೆ ಬೇಕಾದರೂ ಕಲಸಿ ಓದಬಹುದು. ಫುಟ್‌ಬಾಲ್ ಪಂದ್ಯದ ವರದಿಗೆಂದು ಊರೊಂದರಲ್ಲಿ ರೈಲಿಳಿದವನಿಗೆ, ಕ್ಯಾನ್ಸರಿನಿಂದ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಗೆಳೆಯ ಟೋನಿಯ ಪರಿಚಯವಾದದ್ದು ಈ ಊರಿನಲ್ಲೇ ಎಂಬುದು ಫಕ್ಕನೆ ನೆನಪಾಗುತ್ತದೆ; ಅಂದು ಇಡೀ ದಿನ, ಎದುರಿಗಿನ ಆಟದ ನಡುವೆ, ಗೆಳೆಯನ ನೆನಪುಗಳು ಹೇಳದೆ ಕೇಳದೆ ನುಗ್ಗುತ್ತವೆ. ನೆನಪು ವರುಷದ ಕ್ರಮದಲ್ಲಿ ಬರುವುದಿಲ್ಲ, ಸಾವಿಗೂ ಅಂಥ ಕ್ರಮವಿಲ್ಲ. ಹಾಗಿರುವಾಗ ಹೊಲಿದ ಪುಸ್ತಕ ಈ ಅನುಭವಕ್ಕೆ ಸುಳ್ಳಾಗುತ್ತದೆ ಎಂಬುದು ಅವನ ವಾದ. ಇಷ್ಟಾದರೂ ತೊಡಕು ಪೂರ್ತಿ ಬಿಡಿಸಿಕೊಂಡಿಲ್ಲವೆಂದೂ, ಭಾಗಗಳ ಉದ್ದ ತಾನೇ ಮನಸ್ಸಿಗೆ ಬಂದಂತೆ ಗೊತ್ತುಮಾಡಿದ್ದೆಂದೂ ಅವನೇ ಮುಂದೆ ಒಪ್ಪಿಕೊಂಡ. ನನಗೆ ಅವನಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಆ ಒಪ್ಪಿಗೆಯೇ.

ಅವನ ಹಟವನ್ನೆಲ್ಲ ನೀನು ಅನುಸರಿಸಬೇಕೆಂದು ನಾನು ಹೇಳುತ್ತಿಲ್ಲ. ಕಲ್ಪನೆಯೆಲ್ಲ ಸುಳ್ಳೆಂಬ ಮಾತು ನನಗೆ ಒಪ್ಪಿತವಲ್ಲ, ಅವನ ಒಳ್ಳೆಯ ಕೃತಿಗಳೇ ಅದನ್ನು ಅಲ್ಲಗಳೆಯುತ್ತವೆ. ಪ್ರಕಾಶಕರೊಡನೆ ಅವನು ಮಾಡಿಕೊಂಡ ಜಗಳಗಳೂ ಬೇಡ. 1973ರ 'ಕ್ರಿಸ್ಟಿ ಮಾಲ್ರಿ' ಕಾದಂಬರಿಯಲ್ಲಿ ಗುಮಾಸ್ತನೊಬ್ಬ, ಲೋಕ ತನಗೆ ಮಾಡಿದ ಅನ್ಯಾಯಗಳನ್ನು ಒಂದು ಕಡೆ, ತಾನು ತೀರಿಸಿಕೊಂಡ ಸೇಡನ್ನು ಇನ್ನೊಂದು ಕಡೆ, ಜಮಾಖರ್ಚಿನಂತೆ ಬರೆದಿಡುತ್ತಾನೆ. ನಗು ತರಿಸುವ ಪುಸ್ತಕ, ಆದರೆ ಭಯಂಕರ. ಕೊನೆಗೆ ಉಳಿದ ಬಾಕಿಯನ್ನು ವಸೂಲಾಗದ ಸಾಲವೆಂದು ತೊಡೆದುಹಾಕಲಾಗುತ್ತದೆ.

ಅದೇ ವರ್ಷದ ನವೆಂಬರಿನಲ್ಲಿ, ನಲವತ್ತರ ಪ್ರಾಯದಲ್ಲಿ, ಜಾನ್ಸನ್ ತಾನಾಗಿಯೇ ಜೀವ ಕಳೆದುಕೊಂಡ. ಅದಕ್ಕೆ ಕಾರಣ ಹುಡುಕುತ್ತ ಕೂರುವ ಅಧಿಕಾರ ನನಗಿಲ್ಲ. ಆ ದುಃಖವನ್ನು ಪ್ರತಿಭೆಯ ಗುರುತೆಂದು ಕೊಂಡಾಡುವವರ ಮಾತಿಗೆ ಮಾತ್ರ ಕಿವಿಗೊಡಬೇಡ. ಬದುಕಿದ್ದರೆ ಅವನು ಇನ್ನೆರಡು ಕಾದಂಬರಿ ಬರೆಯುವವನಿದ್ದ. ಮರುಮುದ್ರಣಗಳು, ಜೊನಾಥನ್ ಕೋ 2004ರಲ್ಲಿ ಪ್ರಕಟಿಸಿದ ದೊಡ್ಡ ಜೀವನಚರಿತ್ರೆ, ಇವೆಲ್ಲ ಬಂದದ್ದು ಅವನು ನೋಡಲಾಗದ ಕಾಲದಲ್ಲಿ. ನಿನಗೆ ಮನಸ್ಸು ಭಾರವಾದ ದಿನ, ಹಸ್ತಪ್ರತಿ ಮುಗಿದಿರಲಿ ಬಿಡಲಿ, ಹೊತ್ತುಗೊತ್ತು ನೋಡದೆ ನನಗೆ ಫೋನು ಮಾಡು.

ಪೆಟ್ಟಿಗೆಯಲ್ಲಿ ಭಾಗಗಳು ನಾನು ಓದಿದ ಕ್ರಮದಲ್ಲೇ ಇವೆ. ಓದುವ ಮೊದಲು ಚೆನ್ನಾಗಿ ಕಲಸು. ಓದಿ ಮುಗಿಸಿದ ಮೇಲೆ, ಕೊನೆಯ ಭಾಗಕ್ಕೆ ಮುಂಚೆ ನಿನ್ನ ಕೈಗೆ ಬಂದದ್ದು ಯಾವುದೆಂದು ಬರೆದು ತಿಳಿಸು. ನನಗೆ ಬಂದದ್ದು ಯಾವುದೆಂದು ಆಮೇಲೆ ಹೇಳುತ್ತೇನೆ.

ಇತಿ ನಿನ್ನ
ದೊಡ್ಡಪ್ಪ